ಕೊನೆಯ ಗದ್ದೆಗೆ ಮೊದಲ ನೀರು

ನೀರುಗಂಟಿಯವರ ಕಾಲ್ಬೆರಳ ಸಂದುಗಳು ವರ್ಷವಿಡೀ ಬೆಳ್ಳಗೆ ನೆನೆದು ಸುಕ್ಕುಗಟ್ಟಿರುತ್ತಿದ್ದವು. ಈಗ ಆ ಕಾಲುಗಳು ನೆನಪಾದರೆ ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬರುತ್ತದೆ. ಬಸವಾಪಟ್ಟಣದ ಹತ್ತಿರದ ನಮ್ಮೂರ ಕೆರೆಯ ತೂಬು ಎತ್ತಿ, ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು ಅವರ ಕೆಲಸ. ಬೆಂಗಳೂರಿನ ಹೊಗೆ ಸಾಕಾಗಿ ನಾನಿಲ್ಲಿಗೆ ಬಂದಾಗ ಮೊದಲು ಮಾತಾಡಿಸಿದವರೂ ಅವರೇ. "ಗಾಳಿ ಕುಡಿಯಾಕೆ ಬಂದೀರಂತೆ. ಕುಡೀರಿ, ಅದಕ್ಕೆ ಸರದಿ ಇಲ್ಲ," ಎಂದಿದ್ದರು.

ಅವರು ನೀರನ್ನು ಯಾವಾಗಲೂ ಕೊನೆಯ ಗದ್ದೆಯಿಂದಲೇ ಶುರುಮಾಡುತ್ತಿದ್ದರು. ತೂಬಿನ ಪಕ್ಕದ ದೊಡ್ಡ ಕುಳಗಳು ರೇಗಿದರೂ ಜಗ್ಗುತ್ತಿರಲಿಲ್ಲ. ಒಮ್ಮೆ ನನ್ನ ತರಕಾರಿ ಮಡಿಗೆ ಮೊದಲು ಬಿಡಿ ಎಂದು ಕೇಳಿ ನಾನೂ ಬೈಸಿಕೊಂಡೆ. "ಮೇಲಿನೋರು ಹೆಂಗೂ ಕುಡೀತಾರೆ. ಕೆಳಗಿನೋರು ಬೆಳಗಿಂದ ಕಾಯ್ತಿರ್ತಾರೆ. ಸುಮ್ನೆ ಕೂತ್ಕಳ್ರಿ," ಎಂದು ನನ್ನ ಕಟ್ಟೆಯ ಮೇಲೆಯೇ ಕೂತು ಎಲೆಅಡಿಕೆ ಹಾಕಿಕೊಂಡರು.

ಜೊತೆಗಿರಲೆಂದು ನಗರದ ಗೆಳೆಯನೊಬ್ಬನಿಗೆ ತೂಬಿನ ಬಳಿಯ ಜಮೀನು ಕೊಡಿಸಿದ ಮಹಾರಾಯ ನಾನೇ. ಹಳ್ಳಿಯ ಬದುಕೇ ಬದುಕು ಎಂದು ಹಾಡಿಹೊಗಳಿದವನು ಮೊದಲು ಹಾಕಿಸಿದ್ದು ತಂತಿಬೇಲಿ, ಗೇಟು, ಬೀಗ. ತೂಬಿಗೆ ಹೋಗುವ ಕಾಲುದಾರಿ ಬೇಲಿಯೊಳಗೆ ಸಿಕ್ಕಿಕೊಂಡಿತು. ಅವನಿಗೆ ನೆಮ್ಮದಿ ಬೇಕಂತೆ. ತಿಂಗಳಿಗೊಮ್ಮೆ ಬಂದು ಫೋಟೊ ತೆಗೆದುಕೊಂಡು ಹೋಗುವವನಿಗೆ ಎಂಥ ನೆಮ್ಮದಿ?

ಎಪ್ಪತ್ತು ದಾಟಿದ ನೀರುಗಂಟಿಯವರು ಜಾಲಿಮುಳ್ಳಿನ ಇಳಿಜಾರಿನಲ್ಲಿ ಸುತ್ತಿ ಹೋಗತೊಡಗಿದರು. ನಾನು ಫೋನಿನಲ್ಲಿ ಕೂಗಾಡಿದೆ. ಕಾಗದದಲ್ಲಿ ದಾರಿಯೇ ಇಲ್ಲವಲ್ಲ ಎಂದ ಗೆಳೆಯ. ಅದನ್ನು ಹೇಳಿದರೆ ನೀರುಗಂಟಿಯವರು, "ಕಾಗ್ದ ಬಂದು ತೂಬು ಎತ್ತತೈತೇನ್ರೀ?" ಎಂದು ಸಲಿಕೆ ಹೆಗಲಿಗೇರಿಸಿಕೊಂಡು ನಡೆದರು.

ಕಳೆದ ಭತ್ತದ ಹಂಗಾಮಿನಲ್ಲಿ ಆ ಇಳಿಜಾರಿನಲ್ಲೇ ಜಾರಿಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಯಿಂದ ಮನೆಗೆ ಬಂದವರು ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ. ನೋಡಲು ಹೋದಾಗಲೆಲ್ಲ ಕೇಳುತ್ತಿದ್ದುದು ಒಂದೇ: "ಕೊನೇ ಗದ್ದಿಗೆ ನೀರು ಹೋತಾ?" ಹೋಯಿತು ಎಂದು ಸುಳ್ಳು ಹೇಳುತ್ತಿದ್ದೆ. ಅಷ್ಟರಲ್ಲಿ ಆ ಗದ್ದೆಯ ಪೈರು ಒಣಗಿ ಕೆಂಪಗಾಗಿತ್ತು.

ಅವರನ್ನು ಮಣ್ಣುಮಾಡಿ ಬಂದ ದಿನ ನಾನು ಅವರ ಅಂಗಳದಲ್ಲಿ ನಿಂತು ಗೆಳೆಯನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ನೆರೆದವರೆಲ್ಲ ತಲೆದೂಗುತ್ತಿದ್ದರು. ನೀರುಗಂಟಿಯವರ ಹೆಂಡತಿ ಒಂದು ಚೊಂಬು ನೀರು ತಂದು ನನ್ನ ಕೈಗಿಟ್ಟು, ಮೆಲ್ಲಗೆ ಕೇಳಿದರು: "ಗಿಡಕ್ಕೆ ನೀರು ಹಾಕಾಕೆ ಅಂತ ಆ ಗೇಟಿಂದು ಒಂದು ಕೀ ನಿಮ್ಮತ್ರಾನೂ ಕೊಟ್ಟಿದ್ರಂತಲ್ರೀ?"

ಕೊಟ್ಟಿದ್ದ. ಅವನನ್ನು ಕೇಳದೆ ಇನ್ನೊಬ್ಬರಿಗೆ ಕೊಡುವುದು ಹೇಗೆಂದು ಸಂಕೋಚಪಟ್ಟು ಸುಮ್ಮನಿದ್ದೆ. ಆಕೆ ಕೇಳಿದಾಗಲೂ ಅದು ನನ್ನ ಜೇಬಿನಲ್ಲೇ ಇತ್ತು.