ಕಸ್ಟಮ್ಸ್‌ನವರು ಬಿಚ್ಚಿದ್ದನ್ನು ಕಟ್ಟಿಕೊಡುವ ಪಾರ್ಸೆಲಮ್ಮ

ಬೆಳಕು ಇನ್ನೂ ಎತ್ತರದ ಕಿಟಕಿಗಳವರೆಗೆ ಬಂದಿಲ್ಲ. ಕಸ್ಟಮ್ಸ್ ಗೋದಾಮಿನ ಟ್ಯೂಬ್‌ಲೈಟುಗಳು ಮಿಟುಕಿ ಮಿಟುಕಿ ಒಂದೊಂದಾಗಿ ಹೊತ್ತಿಕೊಳ್ಳುತ್ತಿವೆ. ಉಕ್ಕಿನ ಮೇಜಿನ ಮುಂದೆ ನಿಂತ ಹೆಂಗಸೊಬ್ಬರು ಸ್ವೆಟರಿನ ತೋಳು ಮೇಲೇರಿಸಿಕೊಂಡು, ಎದುರಿಗಿರುವ ರಟ್ಟಿನ ಪೆಟ್ಟಿಗೆಯ ಮೇಲೆ ಒಮ್ಮೆ ಅಂಗೈ ಆಡಿಸುತ್ತಾರೆ. ಆಮೇಲೆ ಚಾಕುವಿನಿಂದ ಟೇಪು ಸೀಳುತ್ತಾರೆ. ಮೊದಲು ಹೊರಬಂದದ್ದು ಒಂದು ಉಣ್ಣೆಯ ಟೋಪಿ. ಅದು ಮೇಜಿನ ಎಡತುದಿಗೆ. ಆಮೇಲೆ ಕಾಲುಚೀಲದೊಳಗೆ ಅವಿತು ಕೂತ ಗಾಜಿನ ಸೀಸೆ. ಅದು ಟೋಪಿಯ ಪಕ್ಕಕ್ಕೆ. ಹೀಗೆ ಒಂದೊಂದೇ ಸಾಮಾನು ಎಡದಿಂದ ಬಲಕ್ಕೆ ಸಾಲಾಗಿ ಕೂರುತ್ತದೆ. ಅಧಿಕಾರಿ ಮೇಡಂ ಬಂದು ಸೀಸೆ ಎತ್ತಿ ನೋಡಿ, ಪುಡಿಯೊಂದನ್ನು ಮೂಸಿ, ಸೀನಿ, ತಲೆಯಾಡಿಸಿ ಮುಂದೆ ಹೋಗುತ್ತಾರೆ. ಈಗ ಬಲತುದಿಯಿಂದ ಹಿಂದಕ್ಕೆ ಎಲ್ಲವೂ ಬಂದ ದಾರಿಯಲ್ಲೇ ಪೆಟ್ಟಿಗೆಗೆ ಮರಳುತ್ತದೆ. ಟೋಪಿ ಕೊನೆಗೆ.

"ಒಳಗೆ ಏನಿದೆ ಅಂತ ನೋಡೋದು ಮೇಡಂ ಕೆಲಸ. ಹೇಗಿಟ್ಟಿದ್ದಾರೆ ಅಂತ ನೋಡೋದು ನನ್ನ ಕೆಲಸ" ಎನ್ನುತ್ತಾರೆ ಅವರು. ಗೋದಾಮಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ಪಾರ್ಸೆಲಮ್ಮ ಎಂದು.

ಪರದೇಶದಲ್ಲಿ ಬದುಕಿದವರಿಗೆಲ್ಲ ಗೊತ್ತಿರುವ ಸಂಕಟವೊಂದಿದೆ. ಊರಿಂದ ಪಾರ್ಸೆಲ್ ಹೊರಟಿದೆ ಎಂದು ಫೋನ್ ಬಂದ ದಿನದಿಂದ ಕಾಯುವುದು. ಕೊನೆಗೂ ಪೆಟ್ಟಿಗೆ ಮನೆ ಬಾಗಿಲಿಗೆ ಬಂದಾಗ ಅದರ ಹೊಟ್ಟೆಗೆ 'ತಪಾಸಣೆಗಾಗಿ ತೆರೆಯಲಾಗಿದೆ' ಎಂಬ ಹಳದಿ ಟೇಪು. ಒಳಗೆ ನೋಡಿದರೆ ಯಾರೋ ಕುಸ್ತಿ ಆಡಿ ಎದ್ದುಹೋದಂತಿರುತ್ತದೆ. ಆಗ ನಾವು ಕಸ್ಟಮ್ಸ್‌ನವರ ಏಳು ತಲೆಮಾರಿಗೂ ಮಂಗಳಾರತಿ ಎತ್ತುತ್ತೇವೆ. ಆದರೆ ಕೆಲವೊಮ್ಮೆ ಹಳದಿ ಟೇಪು ಇದ್ದರೂ ಒಳಗೆ ಎಲ್ಲವೂ ಅಮ್ಮ ಇಟ್ಟ ಹಾಗೇ ಇರುತ್ತದಲ್ಲ, ಅದನ್ನು ಹಾಗೆ ಇಟ್ಟವರು ಯಾರು ಎಂದು ಯಾರಾದರೂ ಕೇಳಿದ್ದುಂಟೇ? ಪಾರ್ಸೆಲಮ್ಮನನ್ನು ಇದುವರೆಗೆ ಯಾರೂ ಹುಡುಕಿಕೊಂಡು ಬಂದಿಲ್ಲ. ಅವರಿಗೂ ಆ ಬಗ್ಗೆ ಬೇಸರವಿದ್ದಂತಿಲ್ಲ.

ದಿನಕ್ಕೆ ನೂರರ ಆಸುಪಾಸು ಪೆಟ್ಟಿಗೆಗಳು ಅವರ ಮೇಜು ಹತ್ತಿ ಇಳಿಯುತ್ತವೆ. ಅವುಗಳಲ್ಲಿ ತಕರಾರಿನವು ಬಹುಪಾಲು ಪ್ರೀತಿ ಜಾಸ್ತಿಯಾದವು.

"ಇದೆಲ್ಲ ಅಮ್ಮಂದಿರ ಕಾಟ" ಎಂದು ನಗುತ್ತಾರೆ. "ಸೋರಬಾರದು ಅಂತ ಮುಚ್ಚಳಕ್ಕೆ ಟೇಪು. ಅದರ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಬೆಳ್ಳಿ ಕಾಗದ, ಮತ್ತೆ ಟೇಪು. ಎಕ್ಸ್-ರೇ ಯಂತ್ರದಲ್ಲಿ ಹಾದುಹೋಗುವಾಗ ಒಳಗೆ ಏನೋ ಕಪ್ಪು ಗಡ್ಡೆ ಇದ್ದ ಹಾಗೆ ಕಾಣುತ್ತೆ. ಮೇಡಂ ತಾನೇ ಏನು ಮಾಡ್ತಾರೆ, ತೆಗೀರಿ ಅಂತಾರೆ. ಸುಮ್ನೆ ಒಂದು ಚೀಲಕ್ಕೆ ಹಾಕಿ ಕಳ್ಸಿದ್ರೆ ಯಾರೂ ಮುಟ್ಟಲ್ಲ. ಆದ್ರೆ ಹಾಗೆ ಕಳ್ಸೋಕೆ ಅವರಿಗೆ ಮನಸ್ಸು ಬರಬೇಕಲ್ಲ."

ಈ ಕೈಚಳಕ ಅವರಿಗೆ ಇಲ್ಲಿ ಬಂದದ್ದಲ್ಲ. ಹುಟ್ಟಿದೂರಿನಲ್ಲಿ ಅಪ್ಪನದೊಂದು ಬಟ್ಟೆ ಅಂಗಡಿ. ಅಮ್ಮ ಬೇಗ ತೀರಿಕೊಂಡರು. ಅಪ್ಪ ಗಲ್ಲಾಪೆಟ್ಟಿಗೆಯ ಮುಂದೆ, ಅಕ್ಕ ಮೂಟೆ ಕಟ್ಟುವ ಹಲಗೆಯ ಮುಂದೆ, ಅಕ್ಕನ ಸೆರಗು ಹಿಡಿದುಕೊಂಡು ಇವರು. ಜಡೆ ಹಾಕಿದ್ದು ಅಕ್ಕ, ಶಾಲೆಗೆ ಅಟ್ಟಿದ್ದು ಅಕ್ಕ, ಬೈದು ಅತ್ತು ಮತ್ತೆ ಊಟಕ್ಕೆ ಕರೆದದ್ದೂ ಅಕ್ಕನೇ. ಬಟ್ಟೆ ಮಡಚುವುದು, ದಾರ ಬಿಗಿಯುವುದು ಕೂಡ ಅಕ್ಕನಿಂದಲೇ ಬಂದ ವಿದ್ಯೆ. ಆ ಅಂಗಡಿಗೆ ಅದರದೇ ಒಂದು ಗಂಟಿತ್ತು. ಒಂದು ಸುತ್ತು, ಒಂದು ಕುಣಿಕೆ. ದಾರದ ತುದಿ ಬಾಲದ ಹಾಗೆ ಬಲಗಡೆಗೆ ಇಳಿಬಿದ್ದಿರುತ್ತದೆ. ಬಾಲ ಹಿಡಿದು ಎಳೆದರೆ ಇಡೀ ಗಂಟು ಬಿಚ್ಚಿಕೊಳ್ಳುತ್ತದೆ. ಗಿರಾಕಿಗಳು ಮನೆಯಲ್ಲಿ ಕತ್ತರಿ ಹುಡುಕಬಾರದು ಎಂಬುದು ಅಪ್ಪನ ಹಟವಾಗಿತ್ತು.

ಮದುವೆಯಾಗಿ ಗಂಡನ ಜತೆ ಈ ದೇಶಕ್ಕೆ ಬಂದಾಗ ಪಾರ್ಸೆಲಮ್ಮನಿಗೆ ಇಲ್ಲಿನ ಭಾಷೆ ಬರುತ್ತಿರಲಿಲ್ಲ. ಗಂಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಇವರು ಮೊದಲು ಹೋಟೆಲಿನ ಕೋಣೆಗಳನ್ನು ಗುಡಿಸಿದರು, ಆಮೇಲೆ ಮೊಟ್ಟೆ ಪೆಟ್ಟಿಗೆ ತುಂಬಿದರು, ಮಗಳು ಹೊಟ್ಟೆಯಲ್ಲಿದ್ದಾಗ ಅದೂ ಕೈತಪ್ಪಿತು. ಕಸ್ಟಮ್ಸ್ ಗೋದಾಮಿನಲ್ಲಿ ಆಳು ಬೇಕು ಎಂದು ಯಾರೋ ಹೇಳಿದಾಗ, ಮಾತಾಡದೇ ಮಾಡಬಹುದಾದ ಕೆಲಸ ಎಂಬ ಒಂದೇ ಕಾರಣಕ್ಕೆ ಸೇರಿಕೊಂಡರು. ನಿಂತು ನಿಂತು ಈಗ ಮಂಡಿ ಮುಷ್ಕರ ಹೂಡಿದೆ. ಚಳಿಗಾಲದಲ್ಲಿ ಟೇಪಿನ ಅಂಚು ತಗುಲಿ ಬೆರಳ ತುದಿಗಳು ಬಿರಿಯುತ್ತವೆ. "ಮುಲಾಮು ಹಚ್ಚಿಕೊಳ್ಳೋ ಹಾಗಿಲ್ಲ. ಯಾರದೋ ಮಗುವಿನ ಅಂಗಿಗೆ ಜಿಡ್ಡಾಗುತ್ತೆ" ಎನ್ನುತ್ತಾರೆ.

ಇಷ್ಟೆಲ್ಲ ಹೇಳುವಾಗಲೂ ಇವತ್ತು ಅವರ ಕಣ್ಣು ಆಗಾಗ ಮೂಲೆಯ ಕಪಾಟಿನ ಕಡೆ ಓಡುತ್ತಿದೆ. ಅಲ್ಲಿ ಒಂದು ಪೆಟ್ಟಿಗೆ ಕೂತಿದೆ. ಅದು ಅವರ ಹೆಸರಿಗೇ ಬಂದದ್ದು, ಅಕ್ಕ ಕಳಿಸಿದ್ದು.

ವರ್ಷಕ್ಕೊಮ್ಮೆ ಬರುವ ಪೆಟ್ಟಿಗೆ ಅದು. ಈ ಸಲ ಅದಕ್ಕಾಗಿ ಅವರು ಕಾದ ರೀತಿಯೇ ಬೇರೆ. ಸುಮಾರು ಒಂದು ತಿಂಗಳಿಂದ ಅಕ್ಕ ಫೋನಿನಲ್ಲಿ ಮುಖ ತೋರಿಸಿಲ್ಲ. ಕ್ಯಾಮೆರಾ ಕೆಟ್ಟಿದೆ ಎನ್ನುತ್ತಾರೆ. ರಿಪೇರಿ ಮಾಡಿಸು ಎಂದರೆ ಅಂಗಡಿಯವನು ಊರಲ್ಲಿಲ್ಲ ಎನ್ನುತ್ತಾರೆ. ದನಿಯಲ್ಲಿ ನಗು ಬೇಕಾದ್ದಕ್ಕಿಂತ ಜಾಸ್ತಿ ಇದೆ. "ನಮ್ಮಕ್ಕ ಅಷ್ಟು ನಗೋ ಹೆಂಗಸಲ್ಲ" ಎನ್ನುತ್ತಾರೆ ಪಾರ್ಸೆಲಮ್ಮ. ಬಾಯಿ ಎಷ್ಟು ಬೇಕಾದರೂ ಮುಚ್ಚಿಡಬಹುದು, ಕೈ ಮುಚ್ಚಿಡಲಾರದು ಎಂಬುದು ಇಷ್ಟು ವರ್ಷ ಈ ಮೇಜಿನ ಮುಂದೆ ನಿಂತು ಅವರು ಕಂಡುಕೊಂಡಿರುವುದು. ಪೆಟ್ಟಿಗೆ ತುಂಬಿದ್ದು ಅಕ್ಕನೋ ಬೇರೆಯವರೋ ಎಂಬುದು ಒಮ್ಮೆ ನೋಡಿದರೆ ಗೊತ್ತಾಗುತ್ತದೆ. ಬೇರೆಯವರಾಗಿದ್ದರೆ ಅಕ್ಕ ಹಾಸಿಗೆ ಹಿಡಿದಿದ್ದಾರೆಂದೇ ಅರ್ಥ.

ಆದರೆ ನೋಡುವುದು ಹೇಗೆ? ನೌಕರರ ಹೆಸರಿಗೆ ಬಂದ ಪಾರ್ಸೆಲನ್ನು ಕಡ್ಡಾಯವಾಗಿ ತೆರೆಯಬೇಕು, ಆ ನೌಕರರು ಮಾತ್ರ ಮುಟ್ಟಕೂಡದು. ನೆಲದ ಮೇಲಿನ ಹಳದಿ ಗೆರೆಯ ಆಚೆ ನಿಂತಿರಬೇಕು. ಪ್ರತಿ ವರ್ಷ ಆ ಪೆಟ್ಟಿಗೆ ತೆರೆಯುವವರು ಪಕ್ಕದ ಮೇಜಿನ ಉದ್ದಣ್ಣ. ಬಾಗಿಲ ಚೌಕಟ್ಟಿಗೆ ತಲೆ ತಗುಲುವಷ್ಟು ಎತ್ತರದ, ಚಿನ್ನದಂಥ ಮನುಷ್ಯ. ಆದರೆ ಕೆಲಸದಲ್ಲಿ ಮಾತ್ರ ಬುಲ್‌ಡೋಜರ್. ದಾರ ಕಂಡರೆ ಕತ್ತರಿ, ಗಂಟು ಕಂಡರೆ ಚಾಕು, ಆಮೇಲೆ ಎಲ್ಲವನ್ನೂ ಒಟ್ಟಿಗೆ ಬಾಚಿ ತುರುಕಿ ಮೇಲಿಂದ ಒಂದು ಗುದ್ದು. ಪರರ ಪೆಟ್ಟಿಗೆಗಳನ್ನು ಹೂವಿನಂತೆ ಮುಚ್ಚುವ ಹೆಂಗಸಿಗೆ ಸ್ವಂತದ್ದು ಮಾತ್ರ ಪ್ರತಿ ಸಲವೂ ಜಜ್ಜಿಹೋಗಿಯೇ ಸಿಕ್ಕಿದೆ. ಇದು ಅನ್ಯಾಯವೇ, ಆದರೆ ನಿಯಮ ನಿಯಮವೇ.

ಬೆಳಗಿನ ಚಹಾದ ಹೊತ್ತಿಗೆ ಅಧಿಕಾರಿ ಕಪಾಟಿನ ಕಡೆ ಕೈ ತೋರಿಸುತ್ತಾರೆ. ಪಾರ್ಸೆಲಮ್ಮ ಹಳದಿ ಗೆರೆಯ ಆಚೆ ಹೋಗಿ ನಿಲ್ಲುತ್ತಾರೆ. ಯಾವತ್ತೂ ಕೇಳದ ಮಾತೊಂದನ್ನು ಕೇಳುತ್ತಾರೆ.

"ಮೇಡಂ, ನಾನು ಮುಟ್ಟಲ್ಲ. ಒಂದೊಂದೇ ತೆಗೆದು ಸಾಲಾಗಿ ಇಡೋಕೆ ಹೇಳ್ತೀರಾ? ನೋಡ್ಬೇಕು."

"ಮುಟ್ಟಬಾರದು ಅಂತ ನಿಯಮ ಇದೆ. ನೋಡಬಾರದು ಅಂತ ಎಲ್ಲೂ ಇಲ್ಲ" ಎನ್ನುತ್ತಾರೆ ಅಧಿಕಾರಿ. ಚಹಾ ಲೋಟ ಹಿಡಿದುಕೊಂಡು ಅವರೂ ಅಲ್ಲೇ ನಿಲ್ಲುತ್ತಾರೆ.

ಉದ್ದಣ್ಣ ಹುಬ್ಬೇರಿಸುತ್ತಾರೆ, ಆದರೆ ಕತ್ತರಿ ಕೆಳಗಿಡುತ್ತಾರೆ. ಪೆಟ್ಟಿಗೆಯ ಟೇಪು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಒಳಗಿಂದ ಒಂದು ಮಡಚಿದ ಟವೆಲ್ಲು, ಅದರ ಕೆಳಗೆ ಮಗಳಿಗೆಂದು ಹೊಲಿದ ಅಂಗಿ, ಅದರ ತೋಳಿನೊಳಗೆ ತೂರಿಸಿದ ಬಾಚಣಿಗೆ. ಪಾರ್ಸೆಲಮ್ಮನ ಭುಜ ಸಡಿಲವಾಗುತ್ತದೆ. ತೋಳಿನೊಳಗೆ ಬಾಚಣಿಗೆ ತೂರಿಸುವುದು ಅಕ್ಕನ ಅಭ್ಯಾಸ, ಲೋಕದಲ್ಲಿ ಬೇರೆ ಯಾರೂ ಹಾಗೆ ಮಾಡುವುದಿಲ್ಲ. ಅಕ್ಕ ಎದ್ದು ಓಡಾಡುತ್ತಿದ್ದಾರೆ, ಅಷ್ಟು ಸಾಕು. ಕೊನೆಗೆ ತಳದಲ್ಲಿ ಹಳೆಯ ಬಟ್ಟೆಯಲ್ಲಿ ಕಟ್ಟಿದ ಒಂದು ಮೂಟೆ, ಮೇಲೆ ದಾರದ ಗಂಟು.

"ಅದನ್ನ ಕತ್ತರಿಸಬೇಡಿ ಉದ್ದಣ್ಣ. ಬಲಗಡೆ ಒಂದು ಬಾಲ ಇರುತ್ತೆ, ಹಿಡಿದು ಎಳೀರಿ ಸಾಕು."

ಉದ್ದಣ್ಣ ಹುಡುಕುತ್ತಾರೆ. ಮೂಟೆಯನ್ನು ಬೆಳಕಿಗೆ ಹಿಡಿಯುತ್ತಾರೆ. "ಬಲಗಡೆ ಏನೂ ಇಲ್ವಲ್ಲಮ್ಮ. ಎಡಗಡೆ ಇದೆ ನೋಡಿ ನಿಮ್ಮ ಬಾಲ. ಇದೇನು, ತುದೀನ ಇಲಿ ಕಡಿದಿದೆಯಾ?"

ಪಾರ್ಸೆಲಮ್ಮ ಕತ್ತು ಚಾಚಿ ನೋಡುತ್ತಾರೆ. ಕಾಲ ಬೆರಳುಗಳು ಹಳದಿ ಗೆರೆಯನ್ನು ಮುಟ್ಟಿವೆ, ದಾಟಿಲ್ಲ. ಉದ್ದಣ್ಣ ಬಾಲ ಎಳೆಯುತ್ತಾರೆ, ಗಂಟು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಗಂಟು ಅಪ್ಪನ ಅಂಗಡಿಯದೇ. ಆದರೆ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುಮುರುಗು. ಎಡಗೈಯಲ್ಲಿ ಕಟ್ಟಿದರೆ ಮಾತ್ರ ಬಾಲ ಆ ಕಡೆ ಬರುತ್ತದೆ. ತುದಿ ಕಡಿದದ್ದು ಇಲಿಯಲ್ಲ, ಕತ್ತರಿ ಹಿಡಿಯಲಾಗದೆ ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡರಿಸಿದ ಅಕ್ಕ.

ಪಕ್ಕದ ಓಣಿಯಲ್ಲಿ, ಕೋಟುಗಳು ತೂಗುವ ಗೋಡೆಗೆ ಒರಗಿ ಅವರು ಫೋನ್ ಹಚ್ಚುತ್ತಾರೆ. ಹೇಗಿದ್ದೀಯ, ಊಟ ಆಯ್ತಾ ಎಂಬುದೆಲ್ಲ ಇಲ್ಲ.

"ಅಕ್ಕ, ಬಲಗೈಗೆ ಏನಾಯ್ತು?"

ಆ ಕಡೆ ನಗು ನಿಲ್ಲುತ್ತದೆ. "ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಿಲ್ಲ. ಬಾಲ ಎಡಗಡೆ ಇತ್ತು."

ಆಮೇಲೆ ಒಂದೊಂದೇ ಹೊರಬರುತ್ತದೆ. ಅಂಗಡಿಯ ಅಟ್ಟ, ಏಣಿ, ಜಾರಿದ ಕಾಲು, ಮಣಿಕಟ್ಟು. ಮೊದಲ ಸಲ ಕೂಡಿಸಿದ ಮೂಳೆ ಸರಿಯಾಗಿ ಕೂರಲಿಲ್ಲ, ಮತ್ತೆ ಬಿಚ್ಚಿ ಕಟ್ಟಿದ್ದಾರೆ. ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ಕೆಲಸ ಬಿಟ್ಟು ಓಡಿ ಬರ್ತೀಯ ಪುಟ್ಟಿ. ನಿನ್ನನ್ನ ನಾನು ಬಲ್ಲೆ."

"ಆ ಕೈ ಇಟ್ಕೊಂಡು ಪೆಟ್ಟಿಗೆ ಯಾಕೆ ಕಟ್ಟೋಕೆ ಹೋದೆ? ಅಂಗಡೀಲಿ ಯಾರ ಕೈಲಾದ್ರೂ ಕಟ್ಟಿಸಬಾರದಿತ್ತಾ?"

"ಬೇರೆಯವರು ಕಟ್ಟಿದ್ರೆ ನಿಂಗೆ ಗೊತ್ತಾಗಿಬಿಡುತ್ತೆ ಅಂತಾನೇ ನಾನು ಕಟ್ಟಿದ್ದು" ಎನ್ನುತ್ತಾರೆ ಅಕ್ಕ. "ಎರಡು ಸಂಜೆ ಹಿಡೀತು ಕಣೆ."

ಪಾರ್ಸೆಲಮ್ಮ ಅಳುತ್ತಾ ನಗುತ್ತಾರೆ, ನಗುತ್ತಾ ಬೈಯುತ್ತಾರೆ. ಆ ಕಡೆಯಿಂದಲೂ ಅದೇ ಸದ್ದು. ಕೆಟ್ಟಿದ್ದ ಕ್ಯಾಮೆರಾ ಅಷ್ಟರಲ್ಲಿ ತಂತಾನೇ ರಿಪೇರಿಯಾಗುತ್ತದೆ, ಬಿಳಿ ಪಟ್ಟಿ ಸುತ್ತಿದ ಕೈಯೊಂದು ಪರದೆಯ ತುಂಬ ಕಾಣಿಸುತ್ತದೆ. ಬೆರಳು ಅಲ್ಲಾಡಿಸಿ ತೋರಿಸು ಎಂದು ತಂಗಿ ಗದರುತ್ತಾರೆ. ಮೂರು ಬೆರಳು ಅಲ್ಲಾಡುತ್ತವೆ. ಮಿಕ್ಕವು ಕೂಡ ಪ್ರಯತ್ನ ಮಾಡುತ್ತವೆ.

ಅವರು ಒಳಗೆ ಬರುವಾಗ ಪೆಟ್ಟಿಗೆ ಮುಚ್ಚಿಯಾಗಿದೆ. ಉದ್ದಣ್ಣ ಪರೀಕ್ಷೆ ಬರೆದ ಹುಡುಗನ ಮುಖ ಮಾಡಿಕೊಂಡು ನಿಂತಿದ್ದಾರೆ. "ಬಲಗಡೆಯಿಂದಲೇ ಹಿಂದಕ್ಕೆ ಇಟ್ಟಿದ್ದೀನಿ. ಬಾಚಣಿಗೆ ತೋಳಿನೊಳಗೇ ಇದೆ. ಗಂಟು ಮಾತ್ರ ನಂಗೆ ಬರಲಿಲ್ಲ" ಎನ್ನುತ್ತಾರೆ. ಊರಿಂದ ಬಂದ ಪೆಟ್ಟಿಗೆ ಇಷ್ಟು ವರ್ಷಗಳಲ್ಲಿ ಮೊದಲ ಸಲ ಊರಲ್ಲಿದ್ದ ಹಾಗೇ ಪಾರ್ಸೆಲಮ್ಮನ ಮನೆ ಸೇರುತ್ತದೆ.

ಭಾನುವಾರ ಅವರ ಎರಡು ಕೋಣೆಯ ಮನೆಯಲ್ಲಿ ಇನ್ನೊಂದು ಪೆಟ್ಟಿಗೆ ತಯಾರಾಗುತ್ತಿದೆ. ಈ ಸಲ ಇಲ್ಲಿಂದ ಅಲ್ಲಿಗೆ. ಗಂಡ ಆಸ್ಪತ್ರೆಯ ಗೆಳೆಯರನ್ನು ವಿಚಾರಿಸಿ ತಂದ ಮಣಿಕಟ್ಟಿನ ಪಟ್ಟಿ, ಹಿಸುಕಿ ವ್ಯಾಯಾಮ ಮಾಡುವ ರಬ್ಬರ್ ಚೆಂಡು, ಮಗಳು ಬರೆದ ದೊಡ್ಡಮ್ಮನ ಚಿತ್ರ. ಚಿತ್ರದಲ್ಲಿ ದೊಡ್ಡಮ್ಮನಿಗೆ ಏಣಿಗಿಂತ ಉದ್ದ ಕಾಲು. ರಜೆ ಕೇಳಿದ್ದೀರಾ ಎಂದರೆ, ಮುಂದಿನ ತಿಂಗಳು ಹೋಗಿ ಬರುತ್ತೇನೆ, ಅಲ್ಲಿಯವರೆಗೆ ಈ ಚೆಂಡಾದರೂ ಮುಂಚೆ ಹೋಗಲಿ ಎನ್ನುತ್ತಾರೆ. ದಿನವೂ ಪರರ ಪೆಟ್ಟಿಗೆ ಮುಚ್ಚುವ ತಮಗೆ ಏನಾದರೂ ಆಸೆ ಇದೆಯೇ ಎಂದರೆ, ದಾರ ಸುತ್ತುತ್ತಲೇ ಯೋಚಿಸುತ್ತಾರೆ.

"ಆ ಕಡೇನೂ ಹೀಗೇ ಒಂದು ಮೇಜು ಇರುತ್ತಲ್ಲ. ಅದರ ಮುಂದೆ ಯಾರೋ ನಿಂತಿರ್ತಾರೆ. ಅವರು ಮೊದಲು ತೆಗೆದಿದ್ದನ್ನ ಕೊನೆಗೆ ಇಟ್ರೆ ಸಾಕು. ಇನ್ನೇನು ಬೇಕು ನಂಗೆ."

ಒಂದು ಸುತ್ತು, ಒಂದು ಕುಣಿಕೆ. ಕಟ್ಟಿ ಮುಗಿಸಿ, ಮೂಟೆಯನ್ನು ತಿರುಗಿಸಿ ನೋಡಿ, ತಲೆಯಾಡಿಸಿ ಇಡೀ ಗಂಟನ್ನು ಬಿಚ್ಚುತ್ತಾರೆ. ಮತ್ತೆ ಶುರು. ಈ ಸಲ ಬೆರಳುಗಳು ತಡವರಿಸುತ್ತವೆ, ಏಕೆಂದರೆ ಬಾಳಿಡೀ ಒಂದು ಕಡೆ ಕಟ್ಟಿದ್ದನ್ನು ಇನ್ನೊಂದು ಕಡೆ ಕಟ್ಟುತ್ತಿದ್ದಾರೆ. ಬಿಗಿದು, ಬಾಲವನ್ನು ಎಡಗಡೆಗೆ ಇಳಿಬಿಡುತ್ತಾರೆ.

"ಅಕ್ಕನಿಗೆ ಎಳೆಯೋಕೆ ಈಗ ಎಡಗೈ ತಾನೇ ಇರೋದು."