ಶಿಲ್ಪಾ ತಾನೇ ಹುಡುಕಿಕೊಂಡ ಕೆಲಸ

ಶಿಲ್ಪಾಳಿಗೆ ಕೆಲಸ ಸಿಕ್ಕಿದ್ದು ಹೊಟ್ಟೆ ಉಬ್ಬರಿಸಿಕೊಂಡ ಒಂದು ಆಕಳಿನ ದೆಸೆಯಿಂದ.

ಆಕಳು ಅಕ್ಕನ ಮನೆಯದು. ಅಕ್ಕನ ಎರಡನೆಯ ಬಾಣಂತನ ಯಲ್ಲಾಪುರದ ಗಂಡನ ಮನೆಯಲ್ಲೇ ಆಗಿದ್ದರಿಂದ, ಬನವಾಸಿ ಕಡೆಯ ಹಳ್ಳಿಯಿಂದ ಶಿಲ್ಪಾ ಅಲ್ಲಿಗೆ ಬಂದು ಎರಡು ತಿಂಗಳಾಗಿತ್ತು. ಅದು 2001ನೇ ಇಸವಿಯ ಜನವರಿ. ಅವಳಿಗೆ ಇಪ್ಪತ್ನಾಲ್ಕು. ಚಿಕ್ಕಂದಿನಲ್ಲಿ ಬಂದ ಪೋಲಿಯೊ ಎಡಗಾಲನ್ನು ಸಣ್ಣ ಮಾಡಿತ್ತು. ಮೊಣಕಾಲಿಗೆ ಕೈ ಒತ್ತಿಕೊಂಡು ನಡೆಯುತ್ತಿದ್ದಳು, ಆದರೆ ಸಾಕಷ್ಟು ಬೇಗ ನಡೆಯುತ್ತಿದ್ದಳು.

ಆಕಳಿಗೆ ಔಷಧಿ ತರಲು ಅವಳು ಹೋದದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಕಮಲಾಕರ ಭಟ್ಟರ ಅಂಗಡಿಗೆ. ದನಕರುಗಳ ಔಷಧಿ ಮಾತ್ರ ಮಾರುವ ಅಂಗಡಿ ಅದು. ಭಟ್ಟರು ಹುಬ್ಬಳ್ಳಿಗೆ ಫೋನು ಹಚ್ಚಿ ಬೇಕಾದ ಮಾಲಿನ ಪಟ್ಟಿ ಓದುತ್ತಿದ್ದರು. ಎದುರಿಗೆ ಎಂಟು ಜನ ಗಿರಾಕಿಗಳು. ಎಮ್ಮೆ ಸಾಕುವ ಗೌಳಿ ಹೆಂಗಸೊಬ್ಬಳು ಎರಡು ಬಾಟಲಿ ಹಿಡಿದು, ಯಾವುದು ಕುಡಿಸುವುದು ಯಾವುದು ಹಚ್ಚುವುದು ಎಂದು ತಿಳಿಯದೆ ಸುಮ್ಮನೆ ನಿಂತಿದ್ದಳು. ಶಿಲ್ಪಾ ಚೀಟಿ ಓದಿ ಹೇಳಿದಳು. ಆಮೇಲೆ ಇನ್ನೊಬ್ಬರು ಕೇಳಿದರು, ಮತ್ತೊಬ್ಬರು ಕೇಳಿದರು. ಅಪ್ಪನ ಕೊಟ್ಟಿಗೆಯಲ್ಲಿ ಎತ್ತು, ಎಮ್ಮೆಗಳ ನಡುವೆ ಬೆಳೆದವಳಿಗೆ ಅವರು ಹೇಳುತ್ತಿದ್ದ ರೋಗಗಳೆಲ್ಲ ಪರಿಚಯದವೇ. ಭಟ್ಟರು ಫೋನು ಇಡುವ ಹೊತ್ತಿಗೆ ಅರ್ಧ ಜನ ಖಾಲಿಯಾಗಿದ್ದರು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗಲೇ ಅವಳು ಮೆಟ್ಟಿಲ ಮೇಲಿದ್ದಳು.

"ನನಗ ಇಲ್ಲಿ ಕೆಲಸ ಬೇಕ್ರಿ," ಎಂದಳು.

ಭಟ್ಟರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ದಿನವಿಡೀ ನಿಂತೇ ಇರೂ ಕೆಲಸ ಮಾರಾಯ್ತಿ ಇದು."

"ನಿನ್ನೆ ಮುಕ್ಕಾಲು ತಾಸು ನಿಂತಿದ್ದೆ. ನೀವ ನೋಡೀರಿ."

ಭಟ್ಟರಿಗೆ ನಗು ಬಂತು. "ಒಳಗೆ ಬಾ. ಆ ಮೇಲಿನ ಸಾಲು ಪೂರ್ತಿ ಧೂಳು ಹಿಡಿದಿದೆ, ಅಲ್ಲಿಂದಲೇ ಶುರು ಮಾಡು."

ಸ್ಟೂಲು ಹತ್ತಿ ಮೇಲಿನ ಸಾಲು ಒರೆಸುವುದರಿಂದ ಅವಳ ನೌಕರಿ ಶುರುವಾಯಿತು. ಎರಡೇ ತಿಂಗಳಲ್ಲಿ ಹುಬ್ಬಳ್ಳಿಯ ಫೋನು ಅವಳ ಕೈಗೆ ಬಂತು. ದೂರದ ದೊಡ್ಡಿಗಳಿಂದ ಬರುವ ಗೌಳಿಗರು ಭಟ್ಟರಿದ್ದರೂ "ಅಕ್ಕ ಎಲ್ಲಿ?" ಎಂದು ಕೇಳತೊಡಗಿದರು.

ಆಗ ಅವಳಿಗೆ ಸೆಂಟರಿನ ನೆನಪಾಯಿತು.

ಅಂಗವಿಕಲರಿಗೆ ತರಬೇತಿ ಕೊಟ್ಟು ಕೆಲಸ ಕೊಡಿಸುವ ಸಂಸ್ಥೆಯೊಂದು ಶಿರಸಿಯಲ್ಲಿತ್ತು. ಜನ ಅದನ್ನು ಬರೀ ಸೆಂಟರ್ ಎನ್ನುತ್ತಿದ್ದರು. ಮೂರು ವರ್ಷದ ಹಿಂದೆ ಶಿಲ್ಪಾ ಅಲ್ಲಿ ಹೆಸರು ಬರೆಸಿದ್ದಳು. ಮೇಣದಬತ್ತಿ ಮಾಡಲು ಕಲಿತಿದ್ದಳು, ಫಿನಾಯಿಲ್ ಮಾಡಲು ಕಲಿತಿದ್ದಳು. ನಾಲ್ಕು ಕಡೆ ಸಂದರ್ಶನಕ್ಕೂ ಹೋಗಿದ್ದಳು. ನಾಲ್ಕೂ ಕಡೆ ಸೆಂಟರಿನವರು ಮೊದಲು ಒಳಗೆ ಹೋಗಿ ಮಾತಾಡಿದರು. ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಹೊರಬಂದವರು "ನೋಡೋಣಂತೆ" ಎಂದರು. ಅಷ್ಟಕ್ಕೇ ಮುಗಿಯಿತು. ಆದರೂ ಅಲ್ಲಿ ಮರ್ಯಾದೆಯಿಂದ ಮಾತಾಡಿಸಿದ್ದರು, ಮಧ್ಯಾಹ್ನ ಊಟ ಹಾಕಿದ್ದರು. ತಿಳಿಸುವುದು ಧರ್ಮ ಎಂದುಕೊಂಡು ಕಾರ್ಡು ಬರೆದಳು: ನನಗೆ ಕೆಲಸ ಸಿಕ್ಕಿದೆ, ನನ್ನ ಹೆಸರು ತೆಗೆದು ಬೇರೆಯವರಿಗೆ ಅವಕಾಶ ಕೊಡಿ.

ಉತ್ತರವಾಗಿ ಸುಹಾಸ ಎಂಬ ತರುಣನೇ ಬಂದ. ಸೆಂಟರಿನಲ್ಲಿ ಆತ ಹೊಸಬ. ಹೆಗಲಿಗೆ ಚೀಲ, ಕೈಯಲ್ಲಿ ಫೈಲು. ಆ ಹೊತ್ತಿಗೆ ಶಿಲ್ಪಾ ಪಾರ್ಸೆಲ್ ಬಿಡಿಸಿಕೊಳ್ಳಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದಳು. ತಿರುಗಿ ಬಂದಾಗ ಸುಹಾಸ ಭಟ್ಟರ ಎದುರಿನ ಕುರ್ಚಿಯಲ್ಲಿ ಕೂತು ಒಂದೊಂದೇ ಪ್ರಶ್ನೆ ಓದುತ್ತಿದ್ದ.

"ಹೊಂದಿಕೊಂಡು ಹೋಗುತ್ತಾರಾ ಸರ್? ದಣಿವು ಕಾಣುತ್ತದಾ? ಭಾರ ಎತ್ತುವುದು, ಹತ್ತುವುದು ಇಂಥದ್ದೇನಾದರೂ ಮಾಡಿಸುತ್ತೀರಾ? ಬಿದ್ದರೆ ಜವಾಬ್ದಾರಿ ಯಾರದು ಅಂತ ಇಲ್ಲಿ ಬರೆಯಬೇಕು."

ಶಿಲ್ಪಾ ಬಾಗಿಲಲ್ಲೇ ನಿಂತಳು. "ನನ್ನ ಕೇಳ್ರಿ, ನಾ ಹೇಳ್ತೀನಿ," ಎಂದಳು.

"ಇದು ಮಾಲೀಕರ ನಮೂನೆ ಮೇಡಂ. ನಿಮ್ಮದು ಬೇರೆ ಇದೆ," ಎಂದು ಸುಹಾಸ ಇನ್ನೊಂದು ಹಾಳೆ ತೆಗೆದ. ಅದರಲ್ಲಿ ಅವಳ ಹೆಸರು ಆಗಲೇ ಟೈಪಾಗಿತ್ತು. ಕೆಳಗೆ, 'ಸಂಸ್ಥೆಯ ಮೂಲಕ ಮೇಲ್ಕಂಡ ಉದ್ಯೋಗ ದೊರಕಿರುತ್ತದೆ' ಎಂದಿತ್ತು. ಸಹಿ ಹಾಕುವ ಜಾಗದಲ್ಲಿ ಪೆನ್ಸಿಲ್ಲಿನ ಗುರುತು.

"ಇದು ಖರೇ ಅಲ್ಲ," ಎಂದು ಅವಳು ಹಾಳೆ ವಾಪಸು ಕೊಟ್ಟಳು.

ಸುಹಾಸ ಹೋದ. ಆದರೆ ಮರುದಿನ ಅವಳು ಸ್ಟೂಲಿಗೆ ಕೈ ಹಾಕಿದಾಗ ಭಟ್ಟರು ಎದ್ದು ಬಂದರು. "ಬೇಡ ಬೇಡ, ಆನು ತೆಗಿತೆ," ಎಂದು ಮನೆಮಾತಿನಲ್ಲೇ ಅಂದು, ತಾವೇ ಸ್ಟೂಲು ಹತ್ತಿದರು. ಅದರ ಮರುದಿನ ಪಾರ್ಸೆಲ್ ತರಲು ಹಮಾಲನಿಗೆ ಹೇಳಿ ಕಳಿಸಿದರು. ಮೂರನೆಯ ದಿನ ಕೌಂಟರಿನ ಹಿಂದೆ ಅವಳಿಗೊಂದು ಕುರ್ಚಿ ಬಂತು. ಭಟ್ಟರು ಕೆಟ್ಟವರಲ್ಲ, ಹೆದರಿದ್ದರು. ನಾಲ್ಕು ತಿಂಗಳಿಂದ ಅವರ ಕಣ್ಣಿಗೆ ಬೀಳದಿದ್ದ ಕಾಲು ಈಗ ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುತ್ತಿತ್ತು. ಶಿಲ್ಪಾಳಿಗೆ ಮೈ ಉರಿಯಿತು. ಕುರ್ಚಿಯನ್ನು ಹೊರಗೆ ಗಿರಾಕಿಗಳ ಕಡೆ ಇಟ್ಟು ಬಂದಳು. ಮುಂದಿನ ರಜೆಯ ದಿನ ಶಿರಸಿಯ ಮೊದಲ ಬಸ್ಸು ಹತ್ತಿದಳು.

ಸೆಂಟರಿನ ಮುಖ್ಯಸ್ಥೆ ಮಧುರಾ ಮೇಡಂ ಐವತ್ತರ ಸಮೀಪದವರು, ಮಾತು ಮೃದು. "ಬಾ ಶಿಲ್ಪಾ, ನಮಗೆಲ್ಲ ಎಷ್ಟು ಖುಷಿಯಾಯ್ತು!" ಎಂದು ಚಹಾ ತರಿಸಿದರು.

ಶಿಲ್ಪಾ ಚಹಾ ಕುಡಿದೇ ಮಾತು ತೆಗೆದಳು. ನಡೆದದ್ದನ್ನೆಲ್ಲ ಹೇಳಿದಳು. ಕೊನೆಗೆ, "ನನ್ನ ಫೈಲು ಮುಚ್ಚಿಬಿಡ್ರಿ ಮೇಡಂ. ಅಂಗಡಿಗೆ ಯಾರೂ ಬರಬ್ಯಾಡ್ರಿ," ಎಂದಳು.

"ಹಾಗೆ ಮುಚ್ಚಲು ಬರುವುದಿಲ್ಲ. ಒಂದೋ ನಾವು ಕೊಡಿಸಿದ ಕೆಲಸ ಅಂತಾಗಬೇಕು, ಇಲ್ಲಾ ತರಬೇತಿ ಬಿಟ್ಟು ಹೋದವಳು ಅಂತಾಗಬೇಕು. ನಮೂನೆಯಲ್ಲಿ ಇರುವುದೇ ಎರಡು ಕಾಲಂ." ಮಧುರಾ ಮೇಡಂ ಧ್ವನಿ ತಗ್ಗಿಸಿದರು. "ಈ ವರ್ಷ ಕೆಲಸಕ್ಕೆ ಸೇರಿದವರು ಮೂರೇ ಜನ. ದುಡ್ಡು ಕೊಡುವ ಮೇಲಿನವರು ಸೆಂಟರ್ ಯಾಕೆ ಬೇಕು ಅಂತ ಕೇಳುತ್ತಿದ್ದಾರೆ. ನಿನ್ನ ಒಂದು ಸಹಿಯಿಂದ ಉಳಿದ ಹತ್ತೊಂಬತ್ತು ಹುಡುಗಿಯರಿಗೆ ಉಪಕಾರ ಆಗುತ್ತದೆ."

ಶಿಲ್ಪಾ ಕಿಟಕಿಯಾಚೆ ನೋಡಿದಳು. ಹಿಂದಿನ ಕೋಣೆಯಲ್ಲಿ ಹುಡುಗಿಯರು ಸಾಲಾಗಿ ಕೂತು ಬತ್ತಿ ಹೊಸೆಯುತ್ತಿದ್ದರು. ಒಂದು ಗಳಿಗೆ ಅವಳ ಮನಸ್ಸು ಹೊಯ್ದಾಡಿತು. ಸಹಿ ಹಾಕಿದರೆ ತನ್ನ ಗಂಟೇನು ಹೋಗುತ್ತದೆ? ಆದರೆ ಆ ಹಾಳೆ ಅಲ್ಲಿಗೇ ನಿಲ್ಲುವುದಿಲ್ಲ, ಸೆಂಟರ್ ಕೊಡಿಸಿದ ಕೆಲಸವೆಂದ ಮೇಲೆ ವಿಚಾರಿಸಲು ವರ್ಷವಿಡೀ ತಿಂಗಳಿಗೊಮ್ಮೆ ಫೈಲು ಹಿಡಿದವರು ಬರುತ್ತಾರೆ. ತಾನು ಮೆಟ್ಟಿಲ ಮೇಲೆ ನಿಂತು ಬಾಯಿಬಿಟ್ಟು ಕೇಳಿದ್ದು ಎಲ್ಲಿಯೂ ಬರೆದಿರುವುದಿಲ್ಲ.

"ಸುಳ್ಳಿಗೆ ಸಹಿ ಹಾಕೂದುಲ್ರಿ," ಎಂದಳು. "ಆದ್ರ ನಿಮಗ ಬೈದು ಹೋಗಾಕೂ ಬಂದಿಲ್ಲ. ಒಂದು ಸ್ಕೇಲು ಕೊಡ್ರಿ."

ಮಧುರಾ ಮೇಡಂ ಅರ್ಥವಾಗದೆ ಸ್ಕೇಲು ಕೊಟ್ಟರು. ಶಿಲ್ಪಾ ನಮೂನೆಯ ಅಂಚಿನಲ್ಲಿ ಗೆರೆ ಎಳೆದು ಮೂರನೆಯ ಕಾಲಂ ಮಾಡಿದಳು. ಮೇಲೆ 'ಸ್ವಂತ ಪ್ರಯತ್ನದಿಂದ' ಎಂದು ಬರೆದು, ಕೆಳಗೆ ತನ್ನ ಹೆಸರು, ತಾರೀಖು ಹಾಕಿ ಸಹಿ ಮಾಡಿದಳು.

"ಇದನ್ನ ಮ್ಯಾಲಿನವರಿಗೆ ಕಳಸ್ರಿ. ಇಲ್ಲಿ ಕಲ್ತ ಹುಡುಗಿ ತಾನ ಕೆಲಸ ಹುಡುಕ್ಯಾಳ ಅಂದ್ರ ಅದೇನು ಕಡಿಮಿ ಮಾತಲ್ಲ. ಇನ್ನ ಈಗ ಆ ಹುಡುಗ್ಯಾರ ಜೋಡಿ ಅರ್ಧ ತಾಸು ಮಾತಾಡ್ಲೇನ್ರಿ?"

ಅರ್ಧ ತಾಸು ಎಂದದ್ದು ಎರಡು ತಾಸಾಯಿತು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸುಹಾಸ ಏನೂ ಬರೆದುಕೊಳ್ಳಲಿಲ್ಲ.

ಯಲ್ಲಾಪುರಕ್ಕೆ ಬಂದವಳೇ ಶಿಲ್ಪಾ ಭಟ್ಟರಿಗೆ ನೇರ ಹೇಳಿದಳು: "ನಾ ಬಿದ್ರ ನಾನ ಎದ್ದು ನಿಂತ್ಕೋತೀನ್ರಿ. ನನ್ನ ಕೈಲೆ ಏನು ಆಗತೈತಿ, ಏನು ಆಗೂದುಲ್ಲ ಅನ್ನೂದನ್ನ ನನ್ನ ಕೇಳ್ರಿ, ಅವರನ್ನಲ್ಲ."

ಭಟ್ಟರು ಕನ್ನಡಕ ಒರೆಸಿ ಹಾಕಿಕೊಂಡರು. ಆಮೇಲೆ, "ಹಂಗಾದ್ರೆ ಮೇಲಿನ ಸಾಲಿನಿಂದ ಜಂತಿನ ಔಷಧಿ ತೆಗೆದುಕೊಡು, ಆ ಅಜ್ಜ ಆಗಿಂದ ಕಾಯ್ತಿದ್ದಾನೆ," ಎಂದರು.

ಮೂರನೆಯ ಕಾಲಮ್ಮಿಗೆ ಮೇಲಿನವರು ಏನೆಂದರೋ ಶಿಲ್ಪಾಳಿಗೆ ತಿಳಿಯಲಿಲ್ಲ. ಸೆಂಟರಂತೂ ಮುಚ್ಚಲಿಲ್ಲ. ಮುಂದಿನ ವರ್ಷ ಅಲ್ಲಿಯ ಇಬ್ಬರು ಹುಡುಗಿಯರು, ಒಬ್ಬಳು ಬಟ್ಟೆ ಅಂಗಡಿಗೆ, ಒಬ್ಬಳು ಝೆರಾಕ್ಸ್ ಅಂಗಡಿಗೆ ತಾವೇ ಕೇಳಿಕೊಂಡು ಸೇರಿದರು. ಉಳಿದವರು ಎಂದಿನಂತೆ ಕಾಯುತ್ತಿದ್ದರು.

ಆರು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಸುಹಾಸನ ಫೋನು ಬಂತು. ಆಗ ಅಂಗಡಿಯ ಪೂರ್ತಿ ಕಾರುಬಾರು ಶಿಲ್ಪಾಳದೇ. ಭಟ್ಟರು ಸಂಜೆ ಬಂದು ಎಲೆ ಅಡಿಕೆ ಹಾಕಿ ಹೋಗುತ್ತಿದ್ದರು.

"ಸಿದ್ದಾಪುರದಿಂದ ಮಾತಾಡ್ತಿದ್ದೇನೆ," ಎಂದ ಸುಹಾಸ. "ಇಲ್ಲೊಬ್ಬರು ಸೈಕಲ್ ಅಂಗಡಿಯವರು ನಮ್ಮ ಹುಡುಗ ಚೌಡನನ್ನು ಇಟ್ಟುಕೊಳ್ಳುವ ಮನಸ್ಸಲ್ಲಿದ್ದಾರೆ. ಊರುಗೋಲು ಹಿಡಿದು ಕೆಲಸ ಹೇಗೆ ಮಾಡ್ತಾನೆ ಅಂತ ಕೇಳ್ತಿದ್ದಾರೆ. ಏನು ಹೇಳಲಿ?"

"ಚೌಡ ಎಲ್ಲದಾನ?"

"ಹೊರಗೆ ಕೂತಿದ್ದಾನೆ."

"ಅವನ್ನ ಒಳಗ ಕರೀರಿ," ಎಂದಳು ಶಿಲ್ಪಾ. "ನೀವು ಹೊರಗ ಹೋಗಿ ಕುಂದರ್ರಿ."