‘ಜನವಸತಿ ಇಲ್ಲ’ ಎಂದು ನಾನು ಬರೆದ ಕಾಡು

“ಮೇಡಂ, ಇಲ್ಲಿ ನಮ್ಮ ಮನೆ ಉಂಟು,” ಎಂದು ವಾಚ್‌ಮನ್ ಪಾಲ್ ಚಾರ್ಟಿನ ಹಸಿರು ಭಾಗದ ಮೇಲೆ ಬೆರಳಿಟ್ಟ. ಆ ಬೆರಳಿನ ಪಕ್ಕದಲ್ಲೇ ನಾನು ದಪ್ಪ ಸ್ಕೆಚ್‌ಪೆನ್ನಿನಲ್ಲಿ ಬರೆದಿದ್ದೆ: ‘ದಟ್ಟ ಕಾಡು, ಜನವಸತಿ ಇಲ್ಲ.’

ಇಲ್ಲಿ ಗಲ್ಫಿನಲ್ಲಿ, ಮಾಹೂಝ್‌ನ ನಮ್ಮ ಕಟ್ಟಡದ ಗೇಟಿನಲ್ಲಿ ಮಗಳ ಸ್ಕೂಲ್ ಬಸ್ಸಿಗೆ ಕಾಯುತ್ತಿದ್ದೆವು. ಕ್ಯಾಮರೂನಿನ ಪೂರ್ವ ಪ್ರಾಂತ್ಯದ ಭೂಗೋಳ ಮತ್ತು ಆರ್ಥಿಕತೆ ಅವಳ ಪ್ರಾಜೆಕ್ಟ್. ಮಾಡಿದವಳು, ಎಲ್ಲ ಮನೆಗಳಲ್ಲಿ ಆಗುವಂತೆ, ನಾನು. ಕಾಡಿನ ನಡುವೆ ಕೆಂಪು ರಸ್ತೆಯೊಂದನ್ನು ಎಳೆದು ‘ಉತ್ತಮ ಸಾರಿಗೆ’ ಎಂದೂ ಸೇರಿಸಿದ್ದೆ. ಪಾಲ್ ಅದನ್ನು ನೋಡಿ ನಕ್ಕ.

“ಈ ರಸ್ತೆ ಮರಗಳಿಗೆ, ಮೇಡಂ. ದಿಮ್ಮಿಗಳು ಲಾರಿಯಲ್ಲಿ ಬಂದರಿಗೆ ಹೋಗ್ತವೆ. ನಾವು ಮರಗೆಣಸು ತಲೆ ಮೇಲೆ ಹೊತ್ತು ಸಂತೆಗೆ ನಡೀತೇವೆ.”

ನಾವು ಮಂಗಳೂರಿನ ಕಡೆಯವರು. ಯಾರೇ ಸಿಗಲಿ, ಹೆಸರಿಗಿಂತ ಮೊದಲು ‘ನಿಮ್ಮದು ಊರು ಎಲ್ಲಿ ಆಯ್ತು?’ ಎಂದೇ ಕೇಳುವವರು. ಲಿಫ್ಟಿನಲ್ಲಿ ಸಿಕ್ಕವರನ್ನೂ ಬಿಟ್ಟವಳಲ್ಲ ನಾನು. ನಾಲ್ಕು ವರ್ಷಗಳಿಂದ ದಿನವೂ ಗುಡ್ ಮಾರ್ನಿಂಗ್ ಹೇಳುವ ಇವನನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

ಬರೆದದ್ದನ್ನು ಹೊಡೆದುಹಾಕಲು ಬ್ಯಾಗಿನಲ್ಲಿ ಪೆನ್ನು ತಡಕಾಡುವಷ್ಟರಲ್ಲಿ ಬಸ್ಸು ಹಾರ್ನ್ ಹಾಕಿತು. “ಅಮ್ಮ, ಪ್ಲೀಸ್! ಬಸ್ ಹೋಗ್ತದೆ!” ಎಂದು ಮಗಳು ಚಾರ್ಟ್ ಸುತ್ತಿಕೊಂಡು ಓಡಿಬಿಟ್ಟಳು.

ಆ ಚಾರ್ಟಿಗೆ ‘ಎಕ್ಸಲೆಂಟ್’ ಸಿಕ್ಕಿದೆ. ಈಸಾ ಟೌನಿನ ಅವಳ ಶಾಲೆಯ ಗೋಡೆಯ ಮೇಲೆ ಹಾಗೆಯೇ ತೂಗುತ್ತಿದೆಯಂತೆ. ಪಾಲ್ ಎಂದಿನಂತೆ ಗೇಟಿನಲ್ಲಿರುತ್ತಾನೆ. ನಾನು ಒಂದು ವಾರದಿಂದ ಪಾರ್ಕಿಂಗಿನ ಹಿಂಬಾಗಿಲಿನಿಂದ ಓಡಾಡುತ್ತಿದ್ದೇನೆ.